ಮೆಣಸಿನಕಾಯಿ ಮುಟ್ಟದ ಕೈ

ಬ್ಯಾಡಗಿಯಲ್ಲಿ ಯಾರ ಅಂಗೈ ಉರಿದರೂ ಯಾಕೆ ಅಂತ ಕೇಳುವವರಿಲ್ಲ. ಸುಗ್ಗಿಯ ಮೂರು ತಿಂಗಳು ಊರಿನ ಅರ್ಧ ಹೆಂಗಸರು ವ್ಯಾಪಾರಿಗಳ ಅಂಗಳದಲ್ಲಿ ಕುಂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾರೆ. ಸಂಜೆ ಮನೆಗೆ ಬಂದು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ, ಮಜ್ಜಿಗೆ ಹಚ್ಚಿಕೊಳ್ಳುತ್ತಾರೆ, ಅಳುವ ಕೂಸನ್ನು ಮೊಣಕೈಯಿಂದ ಎತ್ತಿಕೊಳ್ಳುತ್ತಾರೆ. ಹಾಗಾಗಿ ನಜ್ಮಾಳ ಅಂಗೈ ಕೆಂಪಾದದ್ದು ಕಂಡಾಗ ಮನೆಯಲ್ಲಿ ಯಾರಿಗೂ ಗಾಬರಿಯಾಗಲಿಲ್ಲ. ಸಿಟ್ಟು ಬಂತು.

ಮೊದಲು ನೋಡಿದವಳು ಅತ್ತೆ ರಹಿಮತಬಿ. ಮುಂಜಾನೆ ರೊಟ್ಟಿ ಬಡಿಯುತ್ತ ಕುಂತಿದ್ದವಳು, ನಜ್ಮಾ ತಾಟು ಒಡ್ಡಿದಾಗ ಅವಳ ಕೈ ಹಿಡಿದು ಬಾಗಿಲ ಬೆಳಕಿಗೆ ತಿರುವಿದಳು.

“ಏನಿದು?”

“ಏನಿಲ್ಲಮ್ಮಾ. ಎರಡ ದಿನದಿಂದ ಉರಿಯಾಕತ್ತೈತಿ.”

“ಉರೀದೇನ ಮಾಡತೈತಿ? ಮತ್ತ ಹೋಗಿದ್ದೇನ ಕಾಯಿ ಬಿಡಸಾಕ?”

“ಇಲ್ಲ.”

“ನನ್ನ ಮಾರಿ ನೋಡಿ ಹೇಳು.”

“ಇಲ್ಲಂದ್ನೆಲ್ಲಾ.”

ಅಂಗಿ ಹಾಕಿಕೊಳ್ಳುತ್ತಿದ್ದ ಗಂಡ ಮಕ್ತುಮಸಾಬ ಅಲ್ಲೇ ನಿಂತ. ಅವನು ಮಾರುಕಟ್ಟೆಯ ಯಾರ್ಡಿನಲ್ಲಿ ಹಮಾಲ, ಮೂವತ್ತು ವರ್ಷದಿಂದ ಮೆಣಸಿನಕಾಯಿ ಚೀಲ ಹೊತ್ತವನು. ಮಾತು ಕಡಿಮೆ. ಆಡಿದರೆ ಚೀಲ ಇಳಿಸಿದ ಹಾಗೆ ಆಡುತ್ತಿದ್ದ.

“ತಲೀ ಮ್ಯಾಲೆ ಕೈ ಇಟಗೊಂಡು ಆಣಿ ಮಾಡಿದ್ದಿ,” ಅಂದ. “ಮರತೇನು?”

ನಜ್ಮಾ ಮರೆತಿರಲಿಲ್ಲ. ಅವಳಿಗೆ ನಲವತ್ತಾರು. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಂಟಾಗಿ, ಹುಬ್ಬಳ್ಳಿಯಲ್ಲಿ ಆಪರೇಶನ್ ಆಗಿತ್ತು. ಗಂಟು ತೆಗೆದರೂ ಅದರ ಬೀಜ ಮೈಯಲ್ಲಿ ಎಲ್ಲಾದರೂ ಉಳಿದಿರಬಹುದು ಅಂತ ಹಾವೇರಿಯ ದವಾಖಾನೆಯಲ್ಲಿ ಕಿಮೋ ಗುಳಿಗೆ ಶುರು ಮಾಡಿದ್ದರು. ಮುಂಜಾನೆ ನಾಲ್ಕು, ಸಂಜೆ ನಾಲ್ಕು, ಊಟವಾದ ಅರ್ಧ ತಾಸಿನ ಒಳಗೆ. ಹದಿನಾಲ್ಕು ದಿನ ನುಂಗಬೇಕು, ಏಳು ದಿನ ಬಿಡಬೇಕು. ಅದು ಒಂದು ಸುತ್ತು. ಅಂಥ ಎಂಟು ಸುತ್ತು. ಮೊದಲ ಸುತ್ತಿನಲ್ಲಿ ಅವಳಿಗೆ ಏನೂ ಆಗಲಿಲ್ಲ, ತಲೆಗೂದಲೂ ಉದುರಲಿಲ್ಲ. ಕೂದಲು ಉದುರದ್ದು ಎಂಥ ಕಿಮೋ ಅಂತ ಮನೆಯವರೆಲ್ಲ ಹಗುರಾದರು. ನಜ್ಮಾಳೂ ಹಗುರಾಗಿ, ಸಂಬಂಧಿಕರ ಮನೆಗೆ ಹೋಗುತ್ತೇನೆಂದು ಹೇಳಿ ಎರಡು ಮಧ್ಯಾಹ್ನ ಓಣಿಯ ದ್ರಾಕ್ಷಾಯಿಣಿಯ ಗುಂಪಿನ ಜೋಡಿ ತೊಟ್ಟು ಬಿಡಿಸಲಿಕ್ಕೆ ಕುಂತು ಬಂದಿದ್ದಳು. ಸೆರಗಿನ ಘಾಟಿಗೆ ಮನೆಮಂದಿಯೆಲ್ಲ ಸೀನಿದಾಗ ಸಿಕ್ಕಿಬಿದ್ದಳು. ಗುಳಿಗೆ ಮುಗಿಯುವ ತನಕ ಕಾಯಿ ಮುಟ್ಟುವುದಿಲ್ಲ ಅಂತ ಆಣೆ ಮಾಡಿದ್ದು ಆವತ್ತು.

ಈಗ ಮೂರನೆಯ ಸುತ್ತು.

“ಮರತಿಲ್ಲ,” ಅಂದಳು. “ನಿಮ್ಮ ಅಂಗಿ ತೊಳದೇನಿ. ಆ ಧೂಳೇನರೆ ಹತ್ತಿರಬೇಕು.”

“ಇಪ್ಪತ್ತೈದ ವರ್ಷ ತೊಳದಿ. ಅವಾಗ ಹತ್ತಲಿಲ್ಲ?”

ಅವನು ಚಹಾ ಕುಡಿಯದೆ ಹೋದ. ರಹಿಮತಬಿ ಹೆಂಚಿನ ಮೇಲಿನ ರೊಟ್ಟಿ ಹೊತ್ತಿಸಿಕೊಂಡಳು.

ಅಷ್ಟಕ್ಕೇ ಬಿಡುವ ಹೆಂಗಸಲ್ಲ ರಹಿಮತಬಿ. ಮಧ್ಯಾಹ್ನ ದ್ರಾಕ್ಷಾಯಿಣಿಯ ಕಟ್ಟೆಗೆ ಹೋಗಿ ನಿಂತಳು.

“ದ್ರಾಕ್ಷಾಯಿಣಿ, ನನ್ನ ಸೊಸಿ ನಿನ್ನ ಜೋಡಿ ಬಂದಿದ್ಲೇನ?”

“ಇಲ್ಲಬೇ. ಆ ಸಲ ನೀವು ಬೈದ ಬೈಗಳಾ ನನ್ನ ಕಿವ್ಯಾಗ ಇನ್ನೂ ಅದಾವು. ಅಕೀನ್ನ ಕರಕೊಂಡು ಹೋಗಿ ನಾ ಎಲ್ಲಿ ಉಳೀಲಿ?”

“ಖರೇ ಹೇಳು.”

“ಎಲ್ಲವ್ವನ ಆಣಿ ಮಾಡ್ಲೋ, ನಿಮ್ಮ ದರ್ಗಾದ ಆಣಿ ಮಾಡ್ಲೋ? ಯಾವ್ದು ನಂಬತೀರಿ ಹೇಳ್ರಿ, ಅದನ್ನ ಮಾಡತೀನಿ.”

ರಹಿಮತಬಿ ಎರಡನ್ನೂ ನಂಬಲಿಲ್ಲ. ಕಣ್ಣಿಗೆ ಕಂಡ ಕೆಂಪು ಕೈ ನಂಬಿದಳು. ಆದರೂ ಸೊಸೆಯ ಸಂಕಟ ನೋಡಲಾಗದೆ, ಬರುತ್ತ ದಾರಿಯಲ್ಲಿ ಮದರಂಗಿ ಪುಡಿ ತಂದಳು. ಖಾರದ ಉರಿಗೆ ಅವಳ ತವರಿನಲ್ಲಿ ಮಾಡುತ್ತಿದ್ದದ್ದು ಅದೇ. ಮದರಂಗಿ ತಂಪು. ನಿಂಬೆಹಣ್ಣು ಹಿಂಡಿ ಕಲಸಿ, ನಜ್ಮಾಳ ಎರಡೂ ಅಂಗೈಗೆ ದಪ್ಪಗೆ ಮೆತ್ತಿದಳು. ಹಾಕುತ್ತ ಬೈದಳು, ಬೈಯುತ್ತ ಊದಿದಳು.

“ಸುಳ್ಳ ಹೇಳೂ ಕೈ. ಆದ್ರೂ ನಮ್ಮ ಮನೀದs ಕೈ.”

“ನಾ ಸುಳ್ಳ ಹೇಳಿಲ್ಲಮ್ಮಾ.”

“ಬಾಯಿ ಮುಚ್ಚು. ಅಳ್ಳಾಡಬ್ಯಾಡ, ಒಣಗ್ಲಿ.”

ಮರುದಿನ ಕೈ ಮದುವಣಗಿತ್ತಿಯ ಕೈ ಹಾಗಾಯಿತು. ಉರಿ ಒಂದು ಹೊತ್ತು ತಗ್ಗಿದ ಹಾಗೆ ಅನಿಸಿತು. ಆಮೇಲೆ ಚರ್ಮ ಇನ್ನಷ್ಟು ಬಿಗಿಯಿತು. ಆದರೆ ಕೆಂಪು ಯಾವುದು, ಬಣ್ಣ ಯಾವುದು ಅಂತ ಈಗ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

ಬಿಡುವಿನ ವಾರ ಮುಗಿದ ಮೇಲೆ, ನಾಲ್ಕನೆಯ ಸುತ್ತಿನ ಗುಳಿಗೆ ತರಲು ಹಾವೇರಿಗೆ ಹೋಗುವುದಿತ್ತು. ಜೋಡಿಗೆ ಸೊಸೆ ಸುಮಯ್ಯಾ ಹೋದಳು. ನಜ್ಮಾಳ ಮಗ ಶಾನವಾಜನ ಹೆಂಡತಿ, ಪಿಯುಸಿ ಕಲಿತವಳು, ಕಾಗದಪತ್ರ ಓದುವ ಕೆಲಸವೆಲ್ಲ ಅವಳದು. ಅಲ್ಲಿನ ಹೆಣ್ಣು ಡಾಕ್ಟರು, ಎಲ್ಲರ ಬಾಯಲ್ಲಿ ಡಾಕ್ಟರ ಬಾಯಾರು, ರಕ್ತದ ರಿಪೋರ್ಟು ನೋಡಿ, ಪ್ರತಿಸಲದ ಹಾಗೆ ಒಂದೊಂದೇ ಕೇಳಿದರು.

“ಬಾಯಾಗ ಹುಣ್ಣು?”

“ಇಲ್ರಿ.”

“ಬೇಧಿ?”

“ಇಲ್ರಿ.”

“ಅಂಗೈ ಅಂಗಾಲು ಉರಿ, ಕೆಂಪು?”

ನಜ್ಮಾ ಕೈ ಮುಂದೆ ಚಾಚಿದಳು. “ಇಲ್ರಿ.”

“ಓಹೋ, ಮದರಂಗಿ. ಮನ್ಯಾಗ ಮದುವಿ ಏನ್ರಿ?”

“ಹೌದ್ರಿ. ಬೀಗರ ಪೈಕಿ.”

ಸುಮಯ್ಯಾ ಬಾಯಿ ತೆರೆದವಳು, ನಜ್ಮಾ ಸೆರಗಿನ ಮರೆಯಲ್ಲಿ ಚಿವುಟಿದ್ದಕ್ಕೆ ಸುಮ್ಮನಾದಳು. ಬಸ್ಸು ಮೋಟೆಬೆನ್ನೂರು ಬರುವ ತನಕ ತಡೆದಳು.

“ಯಾವ ಮದುವಿ ಅಮ್ಮೀ?”

“ಸುಮ್ಮನ ಕುಂದ್ರು.”

“ಹಂಗ್ಯಾಕ ಸುಳ್ಳ ಹೇಳಿದ್ರಿ? ಖಾರ ಹತ್ತಿದ್ರ ಖಾರ ಅಂತ ಹೇಳಿದ್ರ ಮುಗೀತಿತ್ತು.”

“ನೀನೂ ಖಾರ ಅಂತೀಯೇನ?”

ನಜ್ಮಾ ಕಿಟಕಿಯ ಸರಳು ಹಿಡಿಯಲು ಹೋಗಿ, ಉರಿದು, ಕೈ ತೊಡೆಯ ಮೇಲಿಟ್ಟುಕೊಂಡಳು.

“ನಾ ಮುಟ್ಟಿಲ್ಲವಾ. ಮತ್ತ ಯಾಕ ಉರೀತೈತಿ, ನನಗೂ ಗೊತ್ತಿಲ್ಲ. ರಾಣೆಬೆನ್ನೂರಾಗ ನಮ್ಮಕ್ಕನ ಗಂಡ ಕೈಸರಣ್ಣ ಇದ್ದಾ ನೋಡು. ಅವಂಗೂ ಕಿಮೋ ನಡದಿತ್ತು. ಕಾಲ ಜೋಮ ಹಿಡೀತಾವು ಅಂತ ಡಾಕ್ಟರ ಮುಂದ ಹೇಳಿದ. ನಿಲ್ಲಸ್ರಿ ಅಂದ್ರು. ನಿಲ್ಲಸಿದ್ರು. ತಿಂಗಳಿಗೆ ಹೋದ. ನಂದೂ ನಿಲ್ಲಸಿದ್ರ?”

“ಕೇಳಿದ್ರ ಹೇಳ್ತಿದ್ರಲ್ಲ ಅಮ್ಮೀ.”

“ಕೇಳಿ ಸಾಯೂದಕ್ಕಿಂತ ನುಂಗಿ ಬದಕತೀನಿ. ಮನ್ಯಾಗ ಹೇಳಿದ್ರ ನೋಡು.”

ಸುಮಯ್ಯಾ ಹೇಳಲಿಲ್ಲ. ಹೊಸ ಸೊಸೆ, ಅತ್ತೆಯ ಗುಟ್ಟು.

ನಾಲ್ಕನೆಯ ಸುತ್ತಿನ ಐದನೆಯ ದಿನಕ್ಕೆ ನಜ್ಮಾಳ ಬಾಯಿ ಹುಣ್ಣಾಯಿತು. ಇದನ್ನು ಮುಚ್ಚಿಡುವುದು ಆಗಲಿಲ್ಲ. ಒಂದು ತುತ್ತು ಚಟ್ನಿಗೆ ಕಣ್ಣಲ್ಲಿ ನೀರು ಬಂತು. ರಹಿಮತಬಿ ಒಲೆಯ ಮೇಲೆ ಎರಡು ಗಡಿಗೆ ಹೂಡಿದಳು. ಒಂದರಲ್ಲಿ ಮನೆಯವರ ಸಾರು, ಒಂದರಲ್ಲಿ ನಜ್ಮಾಳಿಗೆ ಮೆತ್ತನ ಅನ್ನ, ಬೇಳೆಯ ತಿಳಿ. ಒಂದು ದಿನ ಎರಡು ಕೆಲಸ ಬೇಡವೆಂದು ಎಲ್ಲರಿಗೂ ಅದೇ ಬಡಿಸಿದಳು. ಕೋಲ್ಡ್ ಸ್ಟೋರೇಜಿನ ಪಾಳಿ ಮುಗಿಸಿ ಬಂದಿದ್ದ ಶಾನವಾಜ ತಾಟು ನೋಡಿದ.

“ದಾದೀಮಾ, ಯಾರಿಗೆ ಜ್ವರ ಬಂದಾವು?”

“ನಿನಗs ಬರತಾವು, ಉಣ್ಣಲಿಲ್ಲಂದ್ರ.”

“ಬ್ಯಾಡಗ್ಯಾಗ ಕುಂತು ಇಂಥ ಬಿಳೇ ಸಾರು ಉಂಡೀನಿ ಅಂದ್ರ ಯಾರ್ಡಿನ ಮಂದಿ ನಗತಾರ.”

“ನಗ್ಲಿ. ಆಮ್ಯಾಲ ನಿಮ್ಮವ್ವಗ ಕೇಳು, ಕದ್ದು ಕಾಯಿ ಮುಟ್ಟಿ, ಅದs ಕೈಲೆ ಉಂಡು ಬಾಯಿ ಸುಟಗೊಳ್ಳಾಕ ಹೇಳಿದವರ ಯಾರು ಅಂತ.”

ನಜ್ಮಾ ತಾಟು ದೂಡಿ ಎದ್ದಳು. “ಇನ್ನ ಎಷ್ಟ ಸಲ ಹೇಳ್ಲಿ? ಖುರಾನ್ ಮುಟ್ಟಿ ಹೇಳ್ಲೇನು?”

“ಆ ಮಾತ ತರಬ್ಯಾಡ,” ಅಂದ ಮಕ್ತುಮಸಾಬ. “ಕುಂತು ಉಣ್ಣು.”

“ನೀವು ನಂಬತೀರೇನ? ಅದನ್ನ ಹೇಳ್ರಿ, ಉಣ್ಣತೀನಿ.”

ಅವನು ಅನ್ನ ಕಲಸುತ್ತ ಕುಂತ. ಅವಳು ಒಳಗೆ ಹೋಗಿ, ಖಾಲಿ ಹೊಟ್ಟೆಯ ಮೇಲೆಯೇ ನಾಲ್ಕು ಗುಳಿಗೆ ನುಂಗಿದಳು.

ಆಮೇಲೆ ಅವಳು ಮನೆಯಲ್ಲೂ ಕಾಲಿಗೆ ಸಾಕ್ಸ್ ಹಾಕಿಕೊಳ್ಳತೊಡಗಿದಳು. ನೆಲ ಥಂಡಿ ಅಂದಳು. ಹಿತ್ತಲಿಗೆ ಪದೇ ಪದೇ ಹೋಗಿಬರುವುದನ್ನು ಸುಮಯ್ಯಾ ಎಣಿಸಿದಳು. ಒಂದು ದಿನ ನಾಲ್ಕು, ಮರುದಿನ ಆರು.

“ಅಮ್ಮೀ, ಫೈಲಿನ ಮ್ಯಾಲೆ ಬರದಾರ. ನಾಕ ಸಲಕ್ಕಿಂತ ಜಾಸ್ತಿ ಬೇಧಿ ಆದ್ರ ಫೋನ್ ಮಾಡ್ರಿ ಅಂತ.”

“ಹುಣ್ಣಿನ ಬಾಯಿಲೆ ಉಂಡದ್ದು ಪಚನ ಆಗವಲ್ದು. ಇನ್ನ ಮೂರ ದಿನ. ಈ ಸುತ್ತು ಮುಗದ್ರ ಅರ್ಧಾ ದಾಟಿದ ಹಂಗ. ಮೂರ ದಿನ ಬಾಯಿ ಕಟ್ಟಿಕೊಂಡಿರು.”

ಮೂರು ದಿನ ಹೋಗಲಿಲ್ಲ. ಮರುದಿನ ಶುಕ್ರವಾರ. ಗಂಡಸರು ಮಸೀದಿಗೆ ಹೋಗಿದ್ದರು. ರಹಿಮತಬಿಗೆ ಮೊಣಕಾಲು ನೋವು, ಅವಳ ನಮಾಜು ಕುರ್ಚಿಯ ಮೇಲೆ. ಬೇಗ ಮುಗಿಸಿ, ತಸ್ಬೀಹಿನ ಮಣಿ ಎಣಿಸುತ್ತ ಹಿಂದೆ ಕುಂತಿದ್ದಳು. ಮುಂದೆ ಚಾಪೆಯ ಮೇಲೆ ನಜ್ಮಾ. ಕೈಕಾಲು ತೊಳೆದು ವಜೂ ಮಾಡಲು ಸಾಕ್ಸ್ ತೆಗೆದಿದ್ದಳು. ನಿಂತಾಗ ಪಾದದ ಅಂಚಿನ ಮೇಲೆ ನಿಂತಿದ್ದಳು, ಸುಡುವ ಬಂಡೆಯ ಮೇಲೆ ನಿಂತವರ ಹಾಗೆ. ಹಣೆ ನೆಲಕ್ಕೆ ತಾಗಿಸಲು ಸಜ್ದಾಕ್ಕೆ ಬಾಗಿದಾಗ ಅವಳ ಎರಡೂ ಅಂಗಾಲು ಅತ್ತೆಯ ಕಣ್ಣೆದುರು ಬಂದವು.

ರಹಿಮತಬಿಯ ಬೆರಳು ಮಣಿಯ ಮೇಲೆ ನಿಂತಿತು. ಹಿಮ್ಮಡ ಹಸಿಮಾಂಸದ ಹಾಗೆ ಕೆಂಪಗೆ. ಬೆರಳಿನ ಬುಡದಲ್ಲಿ ನೀರುಗುಳ್ಳೆ. ಒಂದು ಕಡೆ ಚರ್ಮ ಸುಲಿದು ಜೋತಿತ್ತು.

ನಮಾಜಿನ ನಡುವೆ ಮಾತಾಡುವ ಹಾಗಿಲ್ಲ. ಇನ್ನೂ ಎರಡು ಆವರ್ತ, ಎರಡು ರಕಾತ್, ಬಾಕಿ ಇತ್ತು. ಸೊಸೆ ಏಳುವಾಗ ಗೋಡೆ ಹಿಡಿದು ಎದ್ದಳು, ಕೂಡುವಾಗ ಹಲ್ಲು ಕಚ್ಚಿ ಕುಂತಳು. ಅತ್ತೆ ನೋಡುತ್ತ ಕುಂತಳು. ಸೊಸೆ ಬಲಕ್ಕೆ, ಎಡಕ್ಕೆ ಮುಖ ತಿರುವಿ ಸಲಾಮು ಮುಗಿಸಿದ್ದೇ ತಡ, ಕುರ್ಚಿಯಿಂದ ಇಳಿದು ನೆಲಕ್ಕೆ ಬಂದಳು.

“ನಜ್ಮಾ. ಕಾಲು ತೋರಸು.”

“ಬಿಡ್ರಿ ಅಮ್ಮಾ.”

“ಕಾಲ್ಲೆ ಯಾರೂ ಕಾಯಿ ಬಿಡಸೂದಿಲ್ಲ,” ಅಂದಳು ರಹಿಮತಬಿ. ಅವಳ ದನಿ ಸಣ್ಣದಾಗಿತ್ತು. “ಇದು ಖಾರಲ್ಲ. ಮೊದಲಿಂದ್ಲೂ ಖಾರಲ್ಲ.”

“ಅದನ್ನs ಹೇಳಿದ್ನೆಲ್ಲಾ. ಯಾರ ಕೇಳಿದ್ರಿ?”

ರಹಿಮತಬಿ ಸುಮಯ್ಯಾಳನ್ನು ಕೂಗಿದಳು. ಸುಮಯ್ಯಾ ಫೈಲು ತಂದಳು, ಮೇಲೆ ಬರೆದ ನಂಬರಿಗೆ ಫೋನು ಹಚ್ಚಿ, ಸದ್ದು ಎಲ್ಲರಿಗೂ ಕೇಳುವಂತೆ ಇಟ್ಟಳು. ಎತ್ತಿದವರು ದವಾಖಾನೆಯ ಸ್ನೇಹಾ ಸಿಸ್ಟರ್.

“ಬೇಧಿ ಎಷ್ಟ ಸಲ?”

“ನಿನ್ನೆ ಆರು. ಇವತ್ತ ಮುಂಜಾನಿಂದ ಐದು.”

“ಜ್ವರ? ನೀರು ಕುಡೀತಾರೇನು? ಮೂತ್ರ ಆಗೈತಿ?”

“ಜ್ವರ ಇಲ್ರಿ. ಲಘ್ವಿ ಮುಂಜಾನಿಂದ ಆಗಿಲ್ಲ ಅಂತಾರ. ಕೈಕಾಲು ಸುಲದಾವ್ರಿ.”

“ಗುಳಿಗಿ ಈಗಿಂದನs ಬಂದ್ ಮಾಡ್ರಿ. ಒಂದೂ ನುಂಗಬಾರದು. ಉಪ್ಪು ಸಕ್ಕರಿ ನೀರು ಕುಡಸ್ಕೋಂತ ಇವತ್ತs ಕರಕೊಂಡು ಬರ್ರಿ. ನಾಳೆ ಅನಬ್ಯಾಡ್ರಿ.”

ಬಂದ್ ಅನ್ನುವ ಮಾತು ಕೇಳಿದ್ದೇ ನಜ್ಮಾ ಗುಳಿಗೆಯ ಡಬ್ಬಿ ಎತ್ತಿ ಎದೆಗವುಚಿಕೊಂಡಳು.

“ನಾ ಬರೂದಿಲ್ಲ. ಎರಡ ದಿನದ್ದು ಉಳದಾವು. ಮುಗಿಸೇ ಬರತೀನಿ.”

“ಅಮ್ಮೀ, ಸಿಸ್ಟರ್ ಏನಂದ್ರು ಕೇಳಿದ್ರಲ್ಲ.”

“ಕೈಸರಣ್ಣಗೂ ಹಿಂಗs ಅಂದಿದ್ರು.”

ಮಸೀದಿಯಿಂದ ಮಕ್ತುಮಸಾಬ ಬಂದಾಗ ಮೂವರು ಹೆಂಗಸರು ನೆಲದ ಮೇಲಿದ್ದರು. ಸುಮಯ್ಯಾ ಅಳುತ್ತ ಬಸ್ಸಿನಲ್ಲಿ ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು. ಅವನು ಹೆಂಡತಿಯ ಕಾಲು ನೋಡಿದ.

“ಡಬ್ಬಿ ಕೊಡು,” ಅಂದ.

“ಕೊಡೂದಿಲ್ಲ.”

“ಹಂಗಾರ ನಿನ್ನ ಕೈಯಾಗs ಇರ್ಲಿ. ಡಾಕ್ಟರ ಮುಂದ ಒಯ್ಯು. ಅವರು ನುಂಗು ಅಂದ್ರ ನಾನs ನೀರು ಕೊಡತೀನಿ. ನನ್ನ ಮಾತ ನಂಬು.”

“ನೀವು ನಂದು ನಂಬಿದ್ರೇನ?”

“ಇಲ್ಲ,” ಅಂದ ಮಕ್ತುಮಸಾಬ. “ತಪ್ಪಾತು.”

ಇಪ್ಪತ್ತೈದು ವರ್ಷದಲ್ಲಿ ಆ ಮಾತು ಆ ಬಾಯಿಂದ ಬಂದದ್ದು ಅವಳು ಕೇಳಿರಲಿಲ್ಲ. ಡಬ್ಬಿ ಕೊಡಲಿಲ್ಲ, ಆದರೆ ಎದ್ದಳು. ನಡೆಯಲಾಗದ್ದಕ್ಕೆ ಅವನೇ ಎತ್ತಿ ಶಾನವಾಜ ತಂದ ಗಾಡಿಯಲ್ಲಿ ಕೂಡಿಸಿದ. ರಹಿಮತಬಿ ಕರೆಯದಿದ್ದರೂ ಹತ್ತಿ ಕುಂತಳು.

ಹಾವೇರಿಯಲ್ಲಿ ಸಲಾಯಿನ್ ಹಚ್ಚಿದರು. ಡಾಕ್ಟರ ಬಾಯಾರು ಕೈ ತಿರುವಿ ನೋಡಿ, ಮಾಸಿದ ಬಣ್ಣದ ನಡುವೆ ಬಿರಿದ ಚರ್ಮ ಮುಟ್ಟಿದರು.

“ಇದು ಹೋದ ಸಲನೂ ಇತ್ತಲ್ರಿ?”

ಹಿಂದಿನಿಂದ ರಹಿಮತಬಿ ಮುಂದೆ ಬಂದಳು.

“ಮದರಂಗಿ ಹಚ್ಚಿದಾಕಿ ನಾನ್ರಿ. ಖಾರದ ಉರಿ ಅಂತ ತಿಳಕೊಂಡೆ. ನಿಮ್ಮ ಕಣ್ಣಿಗೆ ಮಣ್ಣ ಎರಚಿದಂಗಾತು. ಬೈಯೂದಿದ್ರ ನನಗ ಬೈರಿ.”

“ಬೈದ್ರ ಚರ್ಮ ಬರೂದಿಲ್ಲಲ್ರಿ ಅಮ್ಮಾರ,” ಅಂದರು ಡಾಕ್ಟರ ಬಾಯಾರು. ಆಮೇಲೆ ಸ್ಟೂಲು ಎಳೆದುಕೊಂಡು ಕುಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. “ಗುಳಿಗಿ ಆದ್ರೂ ಇದು ಕಿಮೋನs. ಕೂದಲ ಉದರಸೂದು ಎಲ್ಲಾ ಕಿಮೋದ ಗುಣ ಅಲ್ಲ. ಇದರ ಗುಣ ಅಂಗೈ, ಅಂಗಾಲು, ಬಾಯಿ, ಕರಳು ಸುಡೂದು. ಜಲ್ದಿ ಬೆಳಿಯೂ ಕಡೆ ಇದು ಹೊಡೀತೈತಿ. ಕ್ಯಾನ್ಸರಿಗೂ ಹೊಡೀತೈತಿ, ಒಳ್ಳೇದಕ್ಕೂ ಹೊಡೀತೈತಿ. ಮೊದಲ ಉರಿ ಬಂದ ದಿನ ಹೇಳಿದ್ರ ನಾಕ ದಿನ ತಡದು, ಮುಲಾಮು ಕೊಟ್ಟು, ಮುಂದ ಹೋಗತಿದ್ವಿ.”

“ನಿಲ್ಲಸಿದ್ರ ಕ್ಯಾನ್ಸರ್ ತಿರುಗಿ ಬರೂದಿಲ್ಲೇನ್ರಿ?” ನಜ್ಮಾ ಕೇಳಿದಳು. ಡಬ್ಬಿ ಇನ್ನೂ ಮಡಿಲಲ್ಲಿತ್ತು. “ನಮ್ಮ ಕೈಸರಣ್ಣಂದು ನಿಲ್ಲಸಿದ್ರು. ಸತ್ತ.”

“ಅವರ ಕಾಗದ ನಾ ನೋಡಿಲ್ಲ. ಔಷಧ ಹತ್ತಲಿಲ್ಲಂದ್ರ ಪೂರಾ ನಿಲ್ಲಸತಾರ, ಅದು ಬ್ಯಾರೆ. ನಿಮ್ಮದು ಕೆಲವು ದಿನ ತಡಿಯೂದು, ಆಮ್ಯಾಲ ಕಡಿಮಿ ಮಾಡಿ ಮತ್ತ ಶುರು ಮಾಡೂದು. ಅದರಿಂದ ಲುಕಸಾನು ಇಲ್ಲ. ಬೇಧಿ ಆಗಿ, ನೀರು ಕಡಿಮಿ ಆಗಿ, ಕಿಡ್ನಿ ನಿಂತ್ರ ಅದು ಲುಕಸಾನು. ಇನ್ನ ಎರಡ ದಿನ ನುಂಗಿದ್ರ ನಾ ಇಲ್ಲಿ ನಿಮ್ಮ ಜೋಡಿ ಮಾತಾಡ್ತಿದ್ನೋ ಇಲ್ಲೋ.”

ನಜ್ಮಾ ಡಬ್ಬಿಯನ್ನು ಅವರ ಮುಂದಿಟ್ಟಳು. ಎರಡು ದಿನ ಅಲ್ಲೇ ಇದ್ದಳು.

ಮನೆಗೆ ಬಂದ ಮೇಲೆ ಕೆಲಸಗಳು ಅದಲು ಬದಲಾದವು. ಬಟ್ಟೆ, ಪಾತ್ರೆ ನಜ್ಮಾ ಮುಟ್ಟುವ ಹಾಗಿಲ್ಲ. ಬಿಸಿನೀರು, ತಿಕ್ಕುವುದು, ಬಿಗಿ ಚಪ್ಪಲಿ ಬೇಡ. ದಿನಕ್ಕೆ ಮೂರು ಸಲ ಮುಲಾಮು. ಮದರಂಗಿ ಅಂತೂ ಬೇಡವೇ ಬೇಡ. ಶಾನವಾಜ ತಾನಾಗಿ ಬೋರಿನ ನೀರು ತುಂಬಿಸಿದ, ಬಿಳಿ ಸಾರು ಉಂಡ. ಮುಲಾಮು ಹಚ್ಚಲು ರಹಿಮತಬಿ ಬಂದರೆ ಮಾತ್ರ ನಜ್ಮಾ ಕಾಲು ಎಳೆದುಕೊಳ್ಳುತ್ತಿದ್ದಳು.

“ಸುಮಯ್ಯಾ ಹಚ್ಚತಾಳ ಬಿಡ್ರಿ.”

“ನನ್ನ ಕೈಯಾಗೇನ ಇಸಾ ಐತೇನ?”

“ನಿಮ್ಮ ಕೈಯಾಗಿಲ್ಲ. ಓಣಿ ತುಂಬ ನನ್ನ ಕಳ್ಳಿ ಮಾಡಿ ಬಂದ್ರೆಲ್ಲಾ, ಆ ಮಾತಿನ್ಯಾಗ ಐತಿ.”

ಮುದುಕಿ ಒಳಗೆ ಹೋದಳು. ಸಂಜೆ ದ್ರಾಕ್ಷಾಯಿಣಿಯನ್ನು ಕೈಹಿಡಿದು ಕರೆತಂದು, ಹೊಸಿಲಲ್ಲಿ ನಿಲ್ಲಿಸಿದಳು.

“ಹೇಳ್ಬೇ ಏನಾತು?” ಅಂದಳು ದ್ರಾಕ್ಷಾಯಿಣಿ. ಅವಳಿಗೆ ಏನೂ ತಿಳಿಯಲಿಲ್ಲ.

“ಅವತ್ತ ನಿನ್ನ ಮುಂದ ಸೊಸಿನ್ನ ಸುಳ್ಳಿ ಮಾಡಿದೆ. ಇವತ್ತ ನಿನ್ನ ಮುಂದs ಹೇಳಾಕತ್ತೀನಿ. ಆಕಿ ಮುಟ್ಟಿರಲಿಲ್ಲ.”

“ಅದನ್ನ ನಾ ಅವತ್ತs ಹೇಳಿದ್ನೆಲ್ಲಾ. ಎರಡೆರಡ ದೇವರ ಆಣಿ ಬ್ಯಾರೆ.”

ನಜ್ಮಾ ನಗಲಿಲ್ಲ. “ಚಹಾ ಮಾಡು ಸುಮಯ್ಯಾ,” ಅಂದಳಷ್ಟೇ.

ಮೂರು ವಾರಕ್ಕೆ ಹೊಸ ಚರ್ಮ ಬಂತು. ಐದನೆಯ ಸುತ್ತು ಮುಂಜಾನೆ ಮೂರು, ಸಂಜೆ ಮೂರು ಗುಳಿಗೆಗೆ ಇಳಿದು ಶುರುವಾಯಿತು. ಮುಂಜಾನೆ ಮೊದಲ ಮೂರು ಗುಳಿಗೆ ಕೈಯಲ್ಲಿ ಹಿಡಿದು ನಜ್ಮಾ ಕುಂತಾಗ ಮನೆಮಂದಿಯೆಲ್ಲ ಸುತ್ತ ನಿಂತಿದ್ದರು.

“ಹಿಂಗ ನೋಡಕೋಂತ ನಿಂತ್ರ ಗಂಟಲದಾಗ ಇಳಿಯೂದಿಲ್ಲ,” ಅಂದಳು. “ನಿಮ್ಮ ನಿಮ್ಮ ಕೆಲಸಕ್ಕ ಹೋಗ್ರಿ.”

ಆರು ದಿನ ಏನೂ ಆಗಲಿಲ್ಲ. ಏಳನೆಯ ದಿನ ಮುಂಜಾನೆ ಎದ್ದು ನೆಲಕ್ಕೆ ಕಾಲಿಟ್ಟವಳು ಹಾಗೇ ಮಂಚದ ಮೇಲೆ ಕುಂತಳು. ಅಂಗೈ ಮೂಸಿದಳು, ಉಜ್ಜಿದಳು. ಮಕ್ತುಮಸಾಬ ಬಾಗಿಲಲ್ಲಿ ಅಂಗಿಯ ಗುಂಡಿ ಹಾಕುತ್ತಿದ್ದವನು ನಿಂತ. ಸುಮಯ್ಯಾ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಫೋನ್ ಕೊಡು,” ಅಂದಳು ನಜ್ಮಾ. “ನಾನs ಮಾತಾಡತೀನಿ.”

ಸ್ನೇಹಾ ಸಿಸ್ಟರ್ ಎತ್ತಿದರು. “ಎಂದಿನಿಂದ ಉರಿ?”

“ಇವತ್ತ ಮುಂಜಾನಿಂದ್ರಿ. ತಡಾ ಮಾಡಿಲ್ಲ. ಬೇಧಿ ಇಲ್ಲ, ಖರೇನ ಇಲ್ಲ.”

“ಅಂಗಾಲು ಕೆಂಪಾಗ್ಯಾವೇನ? ಗುಳ್ಳಿ? ಸರಿಯಾಗಿ ನೋಡಿ ಹೇಳ್ರಿ, ಅದರ ಮ್ಯಾಲೆ ನಾ ಡಾಕ್ಟರಿಗೆ ಕೇಳತೀನಿ.”

ನಜ್ಮಾ ಕಾಲು ಮಡಚಿ ನೋಡಿದಳು. ಹೊಟ್ಟೆಯ ಹೊಲಿಗೆ ಎಳೆಯಿತು, ಹಿಮ್ಮಡ ಕಾಣಲಿಲ್ಲ. ಆಮೇಲೆ ಒಲೆಯ ಕಡೆ ತಿರುಗಿದಳು.

“ಅಮ್ಮಾ. ಬರ್ರಿ ಇಲ್ಲಿ. ನೀವs ನೋಡ್ರಿ.”

ರಹಿಮತಬಿ ಚಾಳೀಸು ಕನ್ನಡಕ ಹುಡುಕಿ, ಮೊಣಕಾಲು ಹಿಡಿದು ನೆಲಕ್ಕೆ ಕುಂತು, ಸೊಸೆಯ ಪಾದವನ್ನು ಎರಡೂ ಕೈಯಿಂದ ತೊಡೆಯ ಮೇಲಿಟ್ಟುಕೊಂಡಳು. ಈ ಸಲ ನಜ್ಮಾ ಕಾಲು ಎಳೆದುಕೊಳ್ಳಲಿಲ್ಲ. ಒಂದು, ಆಮೇಲೆ ಇನ್ನೊಂದು. ಬೆರಳಿನ ಸಂದಿನಲ್ಲೂ ನೋಡಿದಳು.

“ಗುಳ್ಳಿ ಇಲ್ಲ ಸಿಸ್ಟರ್ ಬಾಯಿ,” ಫೋನಿನ ಕಡೆ ಬಾಗಿ ಜೋರಾಗಿ ಹೇಳಿದಳು. “ಹಿಮ್ಮಡ ಅಷ್ಟs ಕೆಂಪ ಐತಿ. ಉರಿ ಎಷ್ಟೈತಿ ಅನ್ನೂದು ಕಣ್ಣಿಗೆ ಕಾಣೂದಿಲ್ಲ. ಅದನ್ನ ಆಕಿ ಹೆಂಗ ಹೇಳತಾಳ ಹಂಗs ಬರಕೋರಿ.”